ಇಪ್ಪತ್ತೆಂಟು ದಿನದ ತಿಂಗಳು

ಮಲ್ಪೆ ಬಂದರಿನಲ್ಲಿ, ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿದ ಹಾಗೆ
ನನ್ನ ಅಂಗಡಿ. ಆರಡಿ ಅಗಲ.
ಗಾಜಿನ ಪೆಟ್ಟಿಗೆ, ಫ್ಯಾನು, ಗೋಡೆಗೊಂದು ಬಿಳಿ ಬೋರ್ಡು.
ಬೋರ್ಡಿನಲ್ಲಿ ಮೂರು ಸಾಲು: ಕೆಂಪು, ನೀಲಿ, ಸರ್ಕಾರದ್ದು.
ಕಂಪೆನಿಯ ಹೆಸರು ಇಲ್ಲಿ ಯಾರೂ ಹೇಳುವುದಿಲ್ಲ,
ಬಣ್ಣ ಹೇಳಿದರೆ ಸಾಕು.
ಸರ್ಕಾರದ್ದರ ಬಣ್ಣ ಮಾಸಿದೆ.

ದರ ಬರೆಯುತ್ತೇನೆ, ಬೆರಳಲ್ಲೇ ಒರೆಸುತ್ತೇನೆ, ಮತ್ತೆ ಬರೆಯುತ್ತೇನೆ.
ಬೂತಾಯಿಯ ದರವಾದರೂ ಏರಿದ್ದು ಇಳಿಯುವುದುಂಟು.
ಇದು ಏರಿದ್ದು ಏರಿದ ಹಾಗೇ.

"ಅಕ್ಕಾ, ಯಾವುದು ಒಳ್ಳೆಯದು?"
ಕಾಲೇಜಿನ ಹುಡುಗಿಗಾದರೆ ಬೋರ್ಡು ತೋರಿಸಿದರೆ ಮುಗಿಯಿತು:
ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ, ಎಂಬತ್ನಾಲ್ಕು ದಿನ.
ಯಾದವ ತಾಂಡೇಲರಿಗೆ ಹಾಗಲ್ಲ.
ಕನ್ನಡಕ ಹಾಕಿ ಬೋರ್ಡನ್ನೆಲ್ಲ ಓದಿ
ಕೊನೆಗೆ ಕೇಳಿದರು,
"ಎಷ್ಟು ಮಾರು ಆಳದ ತನಕ ಸಿಗ್ತದೆ?"

ಅದು ಯಾವ ಕಂಪೆನಿಯೂ ಬರೆಯದ ಲೆಕ್ಕ.
ಬೋಟಿನವರನ್ನು ಕೇಳಿ ಕೇಳಿ ನಾನೇ ತುಂಬಿಸಿದ್ದು:
ನೀಲಿ ಹನ್ನೆರಡು ಮಾರಿಗೆ ಸಾಯುತ್ತದೆ.
ಕೆಂಪು, ಕಾಪುವಿನ ದೀಪ ಕಾಣುವ ತನಕ, ಒಂದು ಕಡ್ಡಿ.
ಸರ್ಕಾರದ್ದು ನನ್ನ ಅಂಗಡಿಯೊಳಗೇ ಸಿಗುವುದಿಲ್ಲ,
ಕಡಲಲ್ಲಿ, ಮೋಡವಿಲ್ಲದ ಒಂದು ರಾತ್ರಿ,
ಯಾರಿಗೋ ಸಿಕ್ಕಿತ್ತಂತೆ.

ಹತ್ತು ದಿನ ಆಳದಲ್ಲಿ ಬಲೆ ಎಳೆಯುವವರಿಗೆ
ದಿನಕ್ಕೆ ಒಂದೂವರೆ ಜಿಬಿ ಎಂತಕ್ಕೆ?
ರಾತ್ರಿ ಹನ್ನೆರಡಕ್ಕೆ ಕರಗುತ್ತದೆ ಅದು,
ಮೀನು ಸಿಗದ ದಿನ ಐಸು ಕರಗುವ ಹಾಗೆ.
ಜಾರ್ಖಂಡದ ಬುಧುವಾ ಲೆಕ್ಕ ಹಾಕಿದ್ದ:
"ದೀದಿ, ನನ್ನ ಹದಿನೈದು ಜಿಬಿ ಸಮುದ್ರಕ್ಕೆ ಬಿತ್ತು.
ಮೀನು ತಿಂದಿರಬೇಕು."

ಮತ್ತೆ ಈ ತಿಂಗಳು, ಇಪ್ಪತ್ತೆಂಟು ದಿನದ್ದು.
ಹುಣ್ಣಿಮೆಯಿಂದ ಹುಣ್ಣಿಮೆಗೆ ಇನ್ನೂ ಒಂದೂವರೆ ದಿನ ಬೇಕು.
ಉಬ್ಬರ ಇಳಿತ ಚಂದ್ರನನ್ನು ಕೇಳಿ ನಡೆಯುವ ಊರಿನಲ್ಲಿ
ಚಂದ್ರನಿಗಿಂತ ಇವರಿಗೆ ಅವಸರ.
ವರ್ಷಕ್ಕೆ ಹದಿಮೂರು ತಿಂಗಳು ಮಾಡಿಟ್ಟರು.
ಹದಿಮೂರನೆಯದಕ್ಕೆ ಹೆಸರಿಲ್ಲ, ಹಣ ಉಂಟು.

ನಿನ್ನೆ ಗುಲಾಬಿ ತಿಂಗಳಾಯ ಬಂದಳು.
(ಹೆಸರಲ್ಲೇ ತಿಂಗಳುಂಟಲ್ಲ, ಅದಕ್ಕೆ ಎಷ್ಟು ದಿನ,
ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.)
ಸಿಗಡಿ ಸುಲಿದ ಕೈ, ಬೆರಳ ತುದಿ ಬಿಳಿಚಿ ನೆರಿಗೆಗಟ್ಟಿದೆ.
ಅವಳದು ಬಟನ್ ಫೋನು. ಐದೂ ಎಂಟೂ ತೇದು ಹೋಗಿವೆ.
ಅವಳೂ ಗಂಡ ವಾಮನನೂ ಫೋನಿನಲ್ಲಿ ಮಾತಾಡುವವರಲ್ಲ.
ಒಂದು ರಿಂಗ್: ಟವರಿನ ಹತ್ತಿರ ಬಂದೆವು.
ಎರಡು: ಮೀನುಂಟು, ಬುಟ್ಟಿ ತಾ.
ಮೂರಾದರೆ ಮಲ್ಪೆಗಿಲ್ಲ, ರೇಟುಂಟು ಮಂಗಳೂರು ಧಕ್ಕೆಯಲ್ಲಿ,
ಇವತ್ತು ನನ್ನ ಪಾಲಿನ ಅಕ್ಕಿ ಹಾಕಬೇಡ.
ಹದಿನೇಳು ವರ್ಷ ಹೀಗೆ, ಪೈಸೆ ಖರ್ಚಿಲ್ಲದೆ.
ನನ್ನ ಬೋರ್ಡಿನ ಯಾವ ಪ್ಲಾನೂ ಅದರ ಹತ್ತಿರ ಬರಲಿಲ್ಲ.

"ಈಗ ರಿಂಗೇ ಬರ್ತಿಲ್ಲ ಮಾರಾಯ್ತಿ,
ಫೋನು ಹಾಳಾಯ್ತಾ ನೋಡು."
ಫೋನು ಸರಿಯೇ ಉಂಟು. ಹಣ ಹಾಕದ ನಂಬರಿಗೆ
ಬರುವ ಕರೆಯನ್ನೂ ನಿಲ್ಲಿಸಿದ್ದಾರೆ, ಅಂದೆ.
"ನಾನು ಎತ್ತುವುದೇ ಇಲ್ವಲ್ಲ!"
"ಎತ್ತದೆ ಇರ್ಲಿಕ್ಕೂ ಕಟ್ಟಬೇಕು, ಗುಲಾಬಕ್ಕ."

ಬೋರ್ಡು ನೋಡಿದಳು. ಎಲ್ಲಕ್ಕಿಂತ ಕೆಳಗಿನ ದರಕ್ಕೆ
ಎಷ್ಟು ಕಿಲೋ ಸಿಗಡಿ ಸುಲಿಯಬೇಕೆಂದು
ತುಟಿ ಅಲುಗಿಸಿ ಎಣಿಸಿದಳು.
ಸೆರಗಿನ ಗಂಟಿನಿಂದ ಒದ್ದೆ ನೋಟು.
ಗಿರಾಕಿ ಅಲ್ವಾ, ಸ್ವಲ್ಪ ಹೊಗಳಿದೆ ಪ್ಲಾನನ್ನು:
"ಮಾತು ಅನ್‌ಲಿಮಿಟೆಡ್ ಉಂಟು, ಬೇಕಾದಷ್ಟು ಮಾತಾಡಬಹುದು."
"ಬೇಕಾದಷ್ಟು ಎಂತ ಮಾತಾಡುವುದು ಅವರ ಹತ್ರ?"

ಮೆಸೇಜು ಬಂತು. ಓದಿ ಹೇಳಿದೆ. ನಂಬಲಿಲ್ಲ.
"ಒಂದು ಮಿಸ್ ಕಾಲ್ ಕೊಡು, ನೋಡುವ."
ಕೊಟ್ಟೆ. ಅವಳ ಅಂಗೈಯಲ್ಲಿ ಫೋನು ನಡುಗಿ ಕೂಗಿತು,
ಒಂದು.
ಎರಡು.
ಅವಳ ಮುಖ ನೋಡಿ
ಗಡಿಬಿಡಿಯಲ್ಲಿ ಕಟ್ ಮಾಡಿದೆ.