ಖಾಲಿ ಮೊಳೆ

ವಕೀಲರು ಕೇಳತಾರ: ಲಗ್ನ ಆಗಿತ್ತೇನು?
ಯಾವ ಗುಡಿ, ಯಾವ ತಿಥಿ, ತಾಳಿ ಕಟ್ಟಿದ್ದು ಕಂಡವರು ಯಾರು?
ಆಗಿತ್ತು ಅಂದ್ರ ದಾರಿ ಐತಿ ದಾಕ್ಷಾಯಣಿ,
ಎರಡನೇ ಲಗ್ನ ರದ್ದಾದ್ರೂ ಮಕ್ಕಳು ರದ್ದಾಗಂಗಿಲ್ಲ.
ಆಗಿಲ್ಲ ಅಂದ್ರ...
ಅಂತ ಪೆನ್ನಿಗೆ ಟೊಪಿಗಿ ಹಾಕತಾರ.

ನಾ ಗದಗಿನ ಶಾಂತೇಶ ಪ್ರೆಸ್ಸಿನ್ಯಾಗ ಬೆಳದಾಕಿ.
ಅವ್ವ ಫಕ್ಕೀರವ್ವ ಅಲ್ಲೇ ಪಾವತಿ ಪುಸ್ತಕ ಹೊಲೀತಿದ್ಲು,
ಒಂದರಿಂದ ನೂರರ ತನಕ ನಂಬರ ಒತ್ತತಿದ್ಲು.
ಗೋಂದಿನ ಡಬ್ಬಿ ಮಗ್ಗಲಕ ನನ್ನ ಚಾಪಿ.
ಗುರುಶಾಂತಪ್ಪನವರನ್ನ ನಾವಿಬ್ಬರೂ
ಮಾಲಕರ ಅಂತ ಕರೀತಿದ್ವಿ.
ರಾತ್ರಿ ಮನಿಗೆ ಬಂದಾಗ ಅವ್ವ ಏನಂತ ಕರೀತಿದ್ಲು
ನನಗ ಗೊತ್ತಿಲ್ಲ,
ನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ದೆ.

ಒಮ್ಮೆ ಕೇಳಿದ್ದೆ ಆಕಿನ್ನ, ನೇರಾನೇರ.
‘ನಂಬರ ತಪ್ಪತಾವು, ಸುಮ್ಕಿರು’ ಅಂದ್ಲು.
ಅರವತ್ತೆಂಟು. ಅರವತ್ತೊಂಬತ್ತು.

ಏಳನೇ ವರ್ಷಕ್ಕ ನನಗ ಕನ್ನಡಿ ಅಕ್ಷರ ಓದಾಕ ಬಂತು,
ಸಾಲಿಯೊಳಗ ಉಲ್ಟಾ ಬರದು ಬಡಿಸಿಕೊಂಡೆ.
ಮಾಲಕರು ಬೆರಳ ಹಿಡದು ಕಲಿಸಿದ್ರು,
ಕ ಎಲ್ಲಿ, ಅದರ ಒತ್ತೆಲ್ಲಿ, ದೀರ್ಘ ಯಾವ ಮನಿಯಾಗ.
ಈ ಕುಳ್ಳ ಮೊಳೆ ಮ್ಯಾಲ ಏನೂ ಇಲ್ಲಲ್ಲರೀ, ಅಂದೆ.
‘ಅದು ಖಾಲಿ ಜಾಗಾ. ಪದಾ ಪದದ ನಡುವ ಇಡೋದು.
ಅದೂ ಸೀಸಾನ. ಎತ್ತರ ಒಂದೀಟು ಕಡಿಮಿ,
ಅದಕ್ಕ ಮಸಿ ಮುಟ್ಟಂಗಿಲ್ಲ.
ತಗದು ನೋಡು, ಸಾಲು ಕುಸೀತೈತಿ.’
ಅಷ್ಟರಾಗ ಗಿರಾಕಿ ಬಂತು. ಬೆರಳ ಬಿಟ್ರು.

ನನ್ನ ಲಗ್ನಪತ್ರಿಕಿ ಅವರ ಕೈಲೇ ಜೋಡಿಸಿದ್ದು.
ಇನ್ನೂರು ಪ್ರತಿ, ಗುಲಾಬಿ ಕಾಗದ, ರೊಕ್ಕ ತಗೊಳ್ಳಲಿಲ್ಲ.
‘ಶ್ರೀಮತಿ ಫಕ್ಕೀರವ್ವ ಇವರ ಏಕಮಾತ್ರ ಪುತ್ರಿ’
ಅನ್ನೋ ಸಾಲಿನ ಮುಂಚೆ ನಾಕು ಬೆರಳಿನಷ್ಟು ಬಿಳಿ.
ಸಾಲು ನಡುವಿಗೆ ತರಬೇಕಿತ್ತು, ತಂದಿರಲಿಲ್ಲ.
ಅಂಥಾ ತಪ್ಪು ಮಾಡೋ ಕೈ ಅಲ್ಲ ಅದು.
ವಕೀಲರಿಗೆ ತೋರಿಸಿದೆ.
ಬಿಳಿ ಜಾಗಾನ ಯಾವ ನ್ಯಾಯಾಧೀಶರೂ ಓದಂಗಿಲ್ಲವಾ, ಅಂದ್ರು.

ಹೋದ ಮಾಘದಾಗ ತೀರಿಕೊಂಡ್ರು.
ಶಿವಗಣಾರಾಧನೆ ಕಾರ್ಡು ಹುಬ್ಬಳ್ಳಿಯಾಗ ಮಾಡಿಸಿದ್ರಂತ, ಬಣ್ಣದ್ದು.
ಕೆಳಗ ದುಃಖತಪ್ತರ ಯಾದಿ:
ಹೆಂಡತಿ, ಮಗ ಶಶಿಧರ, ಸೊಸಿ, ಮಮ್ಮಕ್ಕಳು,
ಬೆಟಗೇರಿ ಬೀಗರು ಸೈತ.
‘ದುಃಖ’ದಾಗ ವಿಸರ್ಗಾನ ಬಿಟ್ಟಿದ್ರು.
ಪೆನ್ಸಿಲ್ ತಗದು ಅಲ್ಲೊಂದು ಹಂಸಪಾದ ಹಾಕಿದೆ,
ಪ್ರೂಫ್ ನೋಡಿದ ಚಟ.
ಕೈ ನಿಲ್ಲಲಿಲ್ಲ,
ಶಶಿಧರನ ಹೆಸರಿನ ಮಗ್ಗಲಕ ಇನ್ನೊಂದು ಹಾಕಿತು.
ಮ್ಯಾಲ ಏನೂ ಬರೀಲಿಲ್ಲ.

ತಲಾಟಿ ಕೊಟ್ಟ ವಂಶವೃಕ್ಷಕ್ಕ ಒಂದ ಟೊಂಗಿ.
ಉತಾರದಾಗ ವಾರಸಾ ಏರಿಸೂದಕ್ಕಿಂತ ಮೊದಲ
ಶಶಿಧರ ಮೊಳೆ ಎಲ್ಲಾ ಗುಜರಿಗೆ ಹಾಕಿಬಿಟ್ಟ.
ಮುಳಗುಂದ ನಾಕಾದಾಗ ನಾ ನಿಂತು ನೋಡಿದೆ,
ಅಕ್ಷರ, ಒತ್ತು, ಖಾಲಿ, ಎಲ್ಲಾ ಒಂದ ಚೀಲದಾಗ.
ತಕ್ಕಡಿ ಬ್ಯಾರೆ ಬ್ಯಾರೆ ಮಾಡಲಿಲ್ಲ.
ಕಿಲೋಕ್ಕ ಇಷ್ಟು ಅಂತ ಎಣಿಸಿ ಕೊಟ್ರು,
ಆತ ಎರಡು ಸರ್ತಿ ಎಣಿಸಿಕೊಂಡ.
ಮೂಗು ಅವರದ. ನಂದೂ.

ರೊಕ್ಕ ಬ್ಯಾಡ, ಹೆಸರ ಸಾಕು
ಅನ್ನೋವಷ್ಟು ದೊಡ್ಡಾಕಿ ನಾ ಅಲ್ಲ.
ಬಾಡಿಗಿ ಮನಿ ಐತಿ, ಮಗನ ಫೀಸ ಐತಿ.
ಪ್ರೆಸ್ಸಿನ ಜಾಗಾ ಬಜಾರದಾಗ ಐತಿ, ಅದರ ಅರ್ಧ ಎಷ್ಟಂತ
ರಾತ್ರಿ ಮಲಗಿದಲ್ಲೇ ಲೆಕ್ಕಾ ಹಾಕೀನಿ.
ನನ್ನ ಬಾಯಾಗ ಹತ್ತಿ ತಿರುವಿ ಪರೀಕ್ಷಾ ಮಾಡ್ಲಿ,
ರಕ್ತ ಹೌದು ಅಂತೈತಿ.
ರಕ್ತ ಹೌದು ಅಂದ್ರ ಸಾಲಂಗಿಲ್ಲ ಅಂತಾರ ವಕೀಲರು,
ತಾಳಿ ಬೇಕು.

ಸೋಮವಾರ ನನ್ನ ಸಾಕ್ಷಿ.
ಅವ್ವ ಹೋಗಿ ಮೂರು ವರ್ಷ, ಇಲ್ಲ ಅನ್ನಾಕ ಬರಂಗಿಲ್ಲ.
ಗುಡಿ ಯಾವುದಾದ್ರೂ ಆದೀತು.
ಒಂದು ತಾಳಿ ಜೋಡಿಸೂದು ಎಷ್ಟರ ಕೆಲಸ?
ತ, ಅದರ ದೀರ್ಘ,
ಆಮ್ಯಾಲ ಗುಡಿಸಿನ ಳ.
ಕತ್ತಲಾಗೂ ಈ ಬೆರಳಿಗೆ
ಆ ಮನಿ ಗೊತ್ತು.