ಬರೀ ಊದಿದ್ದಕ್ಕೆ ಹತ್ತು

"ಹಾಡಿದ್ದಾದರೆ ನಲವತ್ತು, ಬರೀ ಊದಿದ್ದಕ್ಕೆ ಹತ್ತು"
ಅನ್ನುತ್ತಾನೆ ದತ್ತಾ ಪೆಡ್ನೇಕರ.
ಕಾರವಾರದ ಭಾನುವಾರದ ಸಂತೆಯಲ್ಲಿ
ಒಣ ಶೆಟ್ಲಿ ಮಾರುವವಳಿಗೂ ಬೀಗ ರಿಪೇರಿಯವನಿಗೂ ನಡುವೆ
ಅವನ ಗೋಣಿತಟ್ಟು.
ಸ್ಟೋವಿನ ಬರ್ನರು, ಹಿಡಿಯಿಲ್ಲದ ಇಸ್ತ್ರಿಪೆಟ್ಟಿಗೆ, ಗಡಿಯಾರದ ಹೊಟ್ಟೆ,
ಅದರಡಿ ನನ್ನ ತಟ್ಟೆಗಳು.

ದನಿ ಇಲ್ಲದವಕ್ಕೆ ಗಿರಾಕಿ ಇಲ್ಲ.
ನಾಟಕದ ಪದಗಳೇ, ಆದರೆ ಪದವೇ ಇಲ್ಲ:
ರಾಣಿ ಬಂದು ನಿಲ್ಲಬೇಕಾದಲ್ಲಿ ಕ್ಲಾರಿಯೋನೆಟ್,
ರಾಜನ ಜಾಗದಲ್ಲಿ ಕಾಲುಪೆಟ್ಟಿಗೆ,
ಸಿಟ್ಟು ಬಂದಾಗ ಮಾತ್ರ ತಬಲಾ.
ಲೇಬಲ್ಲಿನ ಮೇಲೆ ಗೆದ್ದಲು ತಿಂದುಳಿದ ಅರ್ಧ ಹೆಸರು, ಕಂಪನಿಯದು.
ಊದಿದವನ ಹೆಸರು ಗೆದ್ದಲಿಗೂ ಸಿಕ್ಕಿಲ್ಲ,
ಬರೆದೇ ಇರಲಿಲ್ಲ.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು ನಾನು.
ಬೋಟು, ಬ್ಲಾಕು, ಬಾಕಿ.
ಯಂತ್ರದ ಗುಂಯ್ಯಿನ ಮೇಲೆ ಕೂಗಿ ಕೂಗಿ
ಸಂಜೆಗೆ ಯಾರ ಮಾತೂ ಬೇಡ, ನನ್ನದೂ.
ಹತ್ತು ರೂಪಾಯಿಗೆ ಇಷ್ಟು ಚೆಂದದ ಮಾತಿಲ್ಲದಿರುವಿಕೆ
ಎಲ್ಲಿ ಸಿಗುತ್ತದೆ ಹೇಳಿ.

ಅಂಟುವಾಳದ ನೊರೆಯಲ್ಲಿ ತೊಳೆಯುತ್ತೇನೆ, ಮಗುವಿನ ತಲೆಯ ಹಾಗೆ.
ಉಪ್ಪುಗಾಳಿಯ ಬೂಷ್ಟು ಹೋಗುತ್ತದೆ,
ಶೆಟ್ಲಿ ವಾಸನೆ ಹೋಗುವುದಿಲ್ಲ.
ಮುಳ್ಳು ಹಾರದಂತೆ ಅದರ ತಲೆಯ ಮೇಲೊಂದು ನಾಲ್ಕಾಣೆ.
ಸಂತೆಯಲ್ಲಿ ನಡೆಯದ ನಾಣ್ಯ
ನನ್ನ ಮನೆಯಲ್ಲಿ ಸುತ್ತುತ್ತಲೇ ಇರುವ ದಾರಿಯಲ್ಲಿ
ಒಳಗೊಳಗೆ ನಡೆಯುತ್ತದೆ.

ಕೆಳಗಿನ ಬಿಡಾರದ ಪರ್ಸು ಗುನಗಿಯವರನ್ನು
ಒಂದು ದಿನ ಮೇಲೆ ಕರೆದೆ.
ಹನ್ನೊಂದು ವರ್ಷ ಕಂಪನಿಯಲ್ಲಿ ಪ್ರಾಂಪ್ಟರು.
ಪಕ್ಕದ ಪರದೆಯ ಮರೆಯಲ್ಲಿ ಕೂತು
ರಾಜರಿಗೆಲ್ಲ ಮಾತು ಒದಗಿಸಿದ ಬಾಯಿ.
"ಇದು ಯಾವ ನಾಟಕ? ಸಾಲು ಏನು?"
ಬಾಯಿ ತೆರೆಯಿತು, ಮುಚ್ಚಿತು.
ಸಾಲು ಬರಲಿಲ್ಲ. ಬಂದದ್ದು ಬೇರೆ:

"ಇಲ್ಲಿ, ಈ ಏರಿನಲ್ಲಿ, ಹಗ್ಗ ರಾಟೆಗೆ ಸಿಕ್ಕಿಕೊಳ್ಳುತ್ತಿತ್ತು.
ಇಲ್ಲಿ ರಾಣಿ ಬೀಡಿ ಆರಿಸುತ್ತಿದ್ದ.
ಇಲ್ಲಿ ನೋಡು, ಗೇಟಿನ ದುಡ್ಡು ಎಣಿಸಿ ಮುಗಿದಿಲ್ಲ,
ಇನ್ನೊಂದು ಸುತ್ತು ಊದು ಅಂತ ಮಾಲೀಕ ಕೈ ಮಾಡುತ್ತಿದ್ದ.
ಅದಕ್ಕೇ ಚರಣ ಎರಡು ಸಲ."

ರೆಕಾರ್ಡಿನಲ್ಲೂ ಎರಡು ಸಲ ಬಂತು.
ಅದನ್ನೇ ನಾನು ಎರಡು ವರ್ಷದಿಂದ
ವಿರಹ ಅಂದುಕೊಂಡಿದ್ದೆ.

ಚಾ ಸೋಸುತ್ತಿದ್ದೆ. ಮುಳ್ಳು ಗೀರಿಗೆ ಬಿತ್ತು.
ಅದೇ ಅರ್ಧ ಸಾಲು,
ಅದೇ ಅರ್ಧ,
ಅದೇ ಅರ್ಧ.
ತಿರುಗಿ ನೋಡಿದರೆ ಪರ್ಸು ಗುನಗಿಯವರು ಮುಂದಕ್ಕೆ ಬಾಗಿ,
ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು,
ಜನರಿಗೆ ಕೇಳಿಸದ ಹಾಗೆ
ಪೆಟ್ಟಿಗೆಗೆ ಮುಂದಿನದನ್ನು ಹೇಳಿಕೊಡುತ್ತಿದ್ದಾರೆ.

ಮೊಣಕೈ ತಾಗಿ ಮೇಜು ಅಲುಗಿತೋ ಏನೋ,
ಕ್ಲಾರಿಯೋನೆಟ್ ದಾಟಿತು.

"ಏನು ಹೇಳಿದಿರಿ?"
"ನಾನಾ? ಏನು ಹೇಳಿದೆ?"
ಚಾಕ್ಕೆ ಸಕ್ಕರೆ ಕಡಿಮೆ ಅಂದರು.

ಮುಂದಿನ ವಾರ ದತ್ತಾ ಹದಿನೈದು ಹೇಳಿದ,
ನನ್ನ ಮುಖದಲ್ಲಿ ಏನು ಕಂಡನೋ.
ಒರೆಸಿ, ಬೆಳಕಿಗೆ ಹಿಡಿದು,
"ಒಂದೂ ಗೀರಿಲ್ಲ, ನೋಡಿ ಬಾಯಿ" ಅಂದ.
ಗೀರಿದ್ದದ್ದು ಕೊಡು ಅಂದೆ.