ಸಂಶೋಧನೆಯ ಮಿತಿಗಳು

ಫ್ರೈಬುರ್ಗಿನಿಂದ ಎರಡು ಬಸ್ಸು, ಆಮೇಲೆ ಏರು.
ಚೀಲದಲ್ಲಿ ರೆಕಾರ್ಡರು, ಒಪ್ಪಿಗೆ ಪತ್ರದ ಆರು ಪ್ರತಿ,
ಕೊಡಲಿಕ್ಕೆಂದು ವಿಶ್ವವಿದ್ಯಾಲಯದ ಮುದ್ರೆಯ ಪೆನ್ನುಗಳು.
ಕೌಟುಂಬಿಕ ಉದ್ದಿಮೆಗಳ ಅಧ್ಯಯನ ಮತ್ತು ನೆರವು ಕೇಂದ್ರ—
ಇಷ್ಟುದ್ದದ ಹೆಸರನ್ನು ಸುಂಕೆಲ್ಲರ್ ಮನೆಯವರು
'ಕೇಳುವ ಹುಡುಗಿ' ಎಂದು ಚಿಕ್ಕದು ಮಾಡಿಕೊಂಡರು.

ಐದು ತಲೆಮಾರಿನ ಬ್ರಷ್ಷು.
ಬಾಟಲಿಗೊಂದು, ಕುದುರೆಯ ಮೈಗೊಂದು, ಅಣಬೆಯ ಮಣ್ಣಿಗೊಂದು,
ಟೈಪ್‌ರೈಟರಿನ ಅಚ್ಚು ತಿಕ್ಕಲು ಒಂದು—
ಕೊಳ್ಳುವವರಿಲ್ಲ, ಆದರೂ ವರ್ಷಕ್ಕೆ ನಲವತ್ತು ಕಟ್ಟುತ್ತಾರೆ.
ಯಾಕೆ? "ಕೈ ಮರೆತುಬಿಟ್ಟರೆ?" ಎಂದರು ಎಗೋನ್.
ಬರೆದುಕೊಂಡೆ: ಲಾಭೇತರ ಉದ್ದೇಶ, ಉದಾಹರಣೆ ಒಂದು.

ಎಗೋನ್, ತಮ್ಮ ಲೋಥಾರ್, ಮಾತು ಬಿಟ್ಟು ಹದಿನಾರು ವರ್ಷ.
ಜಗಳ ಒಂದು ಯಂತ್ರದ್ದು, ಕೊಳ್ಳುವುದೋ ಬೇಡವೋ.
ಕೊಂಡರು. ಅದು ಮುಪ್ಪಾಗಿ ಗುಜರಿಗೂ ಹೋಯಿತು,
ಹೋದ ಮಾತು ಬರಲಿಲ್ಲ.
ಒಂದೇ ಮೇಜು, ಎದುರುಬದುರು ಕುರ್ಚಿ,
ಎರಡೂ ಕಡೆಗೆ ತೆರೆಯುವ ಒಂದು ಡ್ರಾಯರು.
ಇವರು ಚೀಟಿ ಹಾಕಿ ತಳ್ಳುತ್ತಾರೆ, ಅವರು ಎಳೆದು ಓದುತ್ತಾರೆ.
'ಹಂದಿಗೂದಲು ಬಂದಿದೆ. ದರ ಜಾಸ್ತಿ. ವಾಪಸು ಕಳಿಸು. ದಯವಿಟ್ಟು.'
ಬೇರೆ ಬೇರೆ ಕೂರಿಸಿ ಕೇಳಿದೆ,
ನಿಮ್ಮಲ್ಲಿ ತೀರ್ಮಾನ ಹೇಗಾಗುತ್ತದೆ?
"ಕೂಡಿ" ಎಂದರು ಎಗೋನ್.
"ಕೂಡಿ" ಎಂದರು ಲೋಥಾರ್.

ಮಧ್ಯಾಹ್ನ ಹಾಳೆ ಹಾಸಿದೆ. ನಮ್ಮ ಶಾಸ್ತ್ರದ ಮೊದಲ ಪಾಠ,
ಒಂದನ್ನೊಂದು ಕಚ್ಚಿದ ಮೂರು ವೃತ್ತ:
ಮನೆತನ, ಒಡೆತನ, ದುಡಿತ.
ಎಲ್ಲಿ ನಿಂತಿದ್ದೀರಿ, ಚುಕ್ಕಿ ಇಡಿ ಎಂದೆ.
ಎಗೋನ್ ನಟ್ಟನಡುವೆ ಇಟ್ಟರು. ಲೋಥಾರ್ ಅದೇ ನಡುವೆ,
ಚುಕ್ಕಿಗೆ ಚುಕ್ಕಿ ತಾಗದಂತೆ.
ಎಗೋನರ ಮಗಳು ರೊಸ್ವಿತಾ ಸರಿಯಾಗಿ ಗೆರೆಯ ಮೇಲಿಟ್ಟು
"ಒಳಗೋ ಹೊರಗೋ, ಸಂಬಳ ನಿಮಗಲ್ಲವೇ, ನೀವೇ ಹೇಳಿ" ಅಂದಳು.

ಹಾಳೆ ಸುತ್ತಿಕೊಳ್ಳುತ್ತಲೇ ಇತ್ತು.
ಅದರ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನಿಂತವರು ವಾಲ್ಬುರ್ಗಾ—
ಲಗ್ನಕ್ಕೆ ಹನ್ನೊಂದು ದಿನವಿದ್ದಾಗ ಬೈಕಿನಿಂದ ಬಿದ್ದು ಹೋದ
ಹಿರಿಯಣ್ಣನಿಗೆ ಗೊತ್ತಾಗಿದ್ದ ಹೆಣ್ಣು.
ಲೆಕ್ಕ ನೋಡಿಕೊಡಲು ಒಂದು ವಾರಕ್ಕೆಂದು ಬಂದವರು;
ಈಗ ನಲವತ್ತೊಂದು ವರ್ಷ.
ಮನೆಯ ಹೆಸರಿಲ್ಲ, ಪಾಲಿಲ್ಲ. ಸಂಬಳದ ಪಟ್ಟಿಯಲ್ಲೂ ಇಲ್ಲ,
ಆ ಪಟ್ಟಿ ಬರೆಯುವವರು ಅವರೇ.
ಪೆನ್ನು ಚಾಚಿದೆ.
"ನಾನು ಬೆರಳು ತೆಗೆದರೆ ನಿಮ್ಮ ಹಾಳೆ ಹಾರುತ್ತೆ" ಎಂದರು.

ನೆರವನ್ನೂ ಕೊಟ್ಟೆವು, ಇಲ್ಲವೆನ್ನಲಾರೆ:
ಒಬ್ಬ ವಕೀಲ, ಎರಡು ಕಮ್ಮಟ,
ಹನ್ನೆರಡು ಪುಟದ ಕುಟುಂಬ ಸಂವಿಧಾನ, ಮೂರು ಸಹಿ.
ಕರಡಿನ ಕಾಗುಣಿತ ತಿದ್ದಿದವರು ವಾಲ್ಬುರ್ಗಾ.

ಪ್ರಬಂಧದಲ್ಲಿ ಹಾಳೆಯ ಫೋಟೋ ಹಾಕಿದ್ದೆ, ಚಿತ್ರ ಏಳು.
ಗುರುಗಳು ನೋಡಿ, ಎಲ್ಲ ಚೆನ್ನಾಗಿದೆ, ಮೂಲೆಯಲ್ಲಿ
ಆ ಹೆಬ್ಬೆರಳೊಂದು ಕತ್ತರಿಸಿಬಿಡು, ಎಂದರು.
ಕತ್ತರಿಸಿದೆ.
ಪದವಿ ಬಂತು.

ಮಾರ್ಚಿನಲ್ಲೊಂದು ಪೊಟ್ಟಣ. ಒಳಗೆ ಟೈಪ್‌ರೈಟರಿನ ಬ್ರಷ್ಷು,
ಎಗೋನರ ಚೂಪು ಅಕ್ಷರದ ಚೀಟಿ:
'ಯಾರಿಗೂ ಬೇಡದ್ದು. ಇಟ್ಟುಕೊಳ್ಳಿ.'
ಕೆಳಗೆ ಅದೇ ಚೂಪು ಅಕ್ಷರವನ್ನು ಅಣಕಿಸಿ,
ಪೆನ್ಸಿಲಿನಲ್ಲಿ, ತುಸು ದುಂಡಗಾಗಿಹೋದ
ಒಂದೇ ಒಂದು ಪದ.
ಹಾಗಾದರೆ ಡ್ರಾಯರಿನ ಅಷ್ಟೂ ಚೀಟಿಗಳಲ್ಲಿ—

ಎದ್ದು ಕಿಟಕಿ ತೆರೆದೆ.
ಮೇಜಿನ ಮೇಲಿದ್ದ ಹಾಳೆಗಳು ಹಾರಿದವು.